ಹಳೇ ಪಿಕಪ್ಪಿನ ಅಜ್ಞಾತವಾಸ

ಷೆವ್ರೊಲೆ 3100 ಪಿಕಪ್ಪಿನ ಮೊದಲ ಪೀಳಿಗೆ 1947ರ ಬೇಸಿಗೆಯಿಂದ 1955ರ ಆರಂಭದವರೆಗೆ ತಯಾರಾದ ಗಾಡಿ. ಉಬ್ಬಿದ ಮೂತಿ, ದುಂಡು ಮಡ್‌ಗಾರ್ಡು, ಆರು ಸಿಲಿಂಡರಿನ ಎಂಜಿನ್ನು, ಹಿಂದೆ ಮರದ ಹಲಗೆ ಹಾಸಿದ ತೊಟ್ಟಿ. ಡೆಟ್ರಾಯ್ಟ್ ಸುತ್ತಮುತ್ತ ನೋವೈ, ಟ್ರಾಯ್, ಕ್ಯಾಂಟನ್‌ಗಳಲ್ಲಿ ನೆಲೆಸಿದ ಕನ್ನಡಿಗ ಎಂಜಿನಿಯರುಗಳಲ್ಲಿ ಕೆಲವರಿಗೆ ಐವತ್ತು ದಾಟುತ್ತಿದ್ದಂತೆ ಇಂಥದೊಂದನ್ನು ಕೊಳ್ಳುವ ಹುಚ್ಚು ಹಿಡಿಯುತ್ತದೆ. ಕೊಂಡವರು ಇದನ್ನು ಹೂಡಿಕೆ ಎನ್ನುತ್ತಾರೆ. ಮನೆಯವರು ಬೇರೆ ಹೆಸರಿನಿಂದ ಕರೆಯುತ್ತಾರೆ.

ಹಿಮ ಈ ಗಾಡಿಗೆ ಹೆಚ್ಚೇನೂ ಮಾಡದು. ಕೇಡು ಮಾಡುವುದು ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು. ಡೆಟ್ರಾಯ್ಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಹೆಚ್ಚಿನ ಆಳದಲ್ಲಿ, ಉಪ್ಪಿನ ಗಣಿಯಿರುವುದರಿಂದ ಆ ಸೀಮೆಯಲ್ಲಿ ಉಪ್ಪಿಗೆ ಬರವಿಲ್ಲ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟದೆ ಷಾಸಿಯ ಸಂದುಗೊಂದುಗಳಿಗೆ ಹರಿದು ತುಕ್ಕಿನ ವೇಗ ಹೆಚ್ಚಿಸುತ್ತದೆ. ಮಾವಿನಕಾಯಿಯನ್ನು ಜಾಡಿಯಲ್ಲಿ ವರ್ಷಗಟ್ಟಲೆ ಕಾಪಾಡುವ ಪದಾರ್ಥ ಕಬ್ಬಿಣವನ್ನು ತಿನ್ನುತ್ತದೆಂದರೆ ಊರಿನಿಂದ ಬಂದ ಅಜ್ಜಿ ನಂಬುವುದಿಲ್ಲ. ಅದೇನೇ ಇರಲಿ, ನವೆಂಬರಿನಿಂದ ಏಪ್ರಿಲ್‌ವರೆಗೆ ಗಾಡಿ ಗ್ಯಾರೇಜಿನಲ್ಲೇ ಇರತಕ್ಕದ್ದು.

ಕನ್ನಡ ಮನೆಗಳಲ್ಲಿ ಈ ಕೆಲಸ ಆಯುಧಪೂಜೆಯೊಂದಿಗೆ ಶುರುವಾಗುತ್ತದೆ. ಸಮಯದ ಲೆಕ್ಕಕ್ಕೆ ಇದು ಸರಿಯಾಗಿಯೇ ಇದೆ. ಒಳಗಿಡುವ ಮುನ್ನ ಗಾಡಿಯನ್ನು ಹೇಗೂ ಅಡಿಭಾಗ ಸಮೇತ ತೊಳೆದು, ಮರದ ಹಲಗೆಗಳನ್ನು ಚೆನ್ನಾಗಿ ಒಣಗಿಸಿ, ಮೈಗೆ ಮೇಣ ತಿಕ್ಕಬೇಕು. ತೊಡಕಿರುವುದು ಪೂಜಾಸಾಮಗ್ರಿಯಲ್ಲಿ. ಒದ್ದೆ ಕುಂಕುಮ ಹಳೆಯ ಬಣ್ಣಕ್ಕೆ ಕಲೆ ಕಟ್ಟುತ್ತದೆ. ವೈಪರಿಗೆ ಸಿಕ್ಕಿಸಿದ ಸೇವಂತಿಗೆ ಮಾಲೆಯನ್ನು ಅಂದೇ ತೆಗೆಯದಿದ್ದರೆ ಅದು ಅಲ್ಲೇ ಕೊಳೆತು ತೇವ ಹಿಡಿಸುತ್ತದೆ. ಬೂದುಗುಂಬಳಕಾಯಿಯನ್ನು ಬೀದಿಯಲ್ಲಿ ಒಡೆದು ಕುಂಕುಮದ ಓಕುಳಿ ಹರಿಸಿದರೆ ಎದುರುಮನೆಯವರು ಪೊಲೀಸರಿಗೆ ಫೋನು ಮಾಡುವ ಸಂಭವವಿದೆ. ಎಲ್ಲಕ್ಕಿಂತ ಅಪಾಯದ್ದು ಕಡ್ಲೆಪುರಿ. ಸೀಟಿನ ಹೊಲಿಗೆಯ ಸಂದಿನಲ್ಲಿ ಬಿದ್ದ ಒಂದು ಹಿಡಿ ಕಡ್ಲೆಪುರಿ ಏನು ಮಾಡಬಲ್ಲದೆಂಬುದು ಇಲಿಗಳ ಪ್ರಕರಣದಲ್ಲಿ ಬರುತ್ತದೆ.

ಮುಂದಿನದು ಜಾಗದ ಪ್ರಶ್ನೆ. ಎರಡು ಕಾರಿನ ಗ್ಯಾರೇಜೆಂದು ಕಾಗದದಲ್ಲಿ ಬರೆದಿದ್ದರೂ ಕನ್ನಡ ಮನೆಯ ಗ್ಯಾರೇಜಿನಲ್ಲಿ ಎರಡು ಕಾರು ನಿಂತದ್ದನ್ನು ಕಂಡವರು ಕಡಿಮೆ. ಅಲ್ಲಿ ಸೋನಾ ಮಸೂರಿಯ ಮೂಟೆಗಳು, ಕಲ್ಲಿನ ಗ್ರೈಂಡರು, ಗೊಂಬೆ ಹಬ್ಬದ ಮೆಟ್ಟಿಲು, ಊರಿಗೆ ಹೋಗುವಾಗಷ್ಟೇ ಕೆಳಗಿಳಿಯುವ ಸೂಟ್‌ಕೇಸುಗಳು ಮತ್ತು ಒಂದು ಗ್ಯಾಸ್ ಒಲೆ ವಾಸವಾಗಿರುತ್ತವೆ. ಇಂಗಿನ ಒಗ್ಗರಣೆಯೂ ಬೋಂಡಾ ಕರಿದ ಹೊಗೆಯೂ ಮನೆಯೊಳಗಿನ ಕೋಟುಗಳಿಗೆ ಹತ್ತದಿರಲೆಂದು ಹೂಡಿದ ಎರಡನೇ ಅಡಿಗೆಮನೆ ಅದು. ಷೆವ್ರೊಲೆ 3100ರಲ್ಲಿ, 1949ರ ನಂತರದ ಮಾದರಿಯಾದರೆ, ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಬೆನ್ನಿಗೇ ಇದೆ. ಅದರ ಮುಚ್ಚಳಕ್ಕೆ ಗಾಳಿಯಾಡುವ ಕಿಂಡಿಯಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕೆ ಅಂಟಿಕೊಂಡೇ ಹರಿದು ಬೆಂಕಿಯಿರುವಲ್ಲಿಗೆ ತಲುಪುತ್ತದೆ. ಒಲೆ ಅಥವಾ ಗಾಡಿ, ಎರಡರಲ್ಲೊಂದು ಹೊರಡಲೇಬೇಕು. ಈ ವಿಚಾರದಲ್ಲಿ ಮನೆಯಾಕೆಯ ತೀರ್ಮಾನವೇನೆಂದು ಯಜಮಾನರಿಗೆ ಕೇಳದೆಯೇ ಗೊತ್ತಿರುತ್ತದೆ. ಆದ್ದರಿಂದ ಒಲೆಯನ್ನು ಹಿತ್ತಲ ಡೆಕ್ಕಿಗೆ ಸಾಗಿಸಿ, ಜನವರಿಯಲ್ಲಿ ಯಾರಿಗೆ ಬೋಂಡಾ ಬೇಕೋ ಅವರೇ ಕೋಟು ತೊಟ್ಟು ಹೋಗಿ ಕರಿಯುವುದೆಂಬ ರಾಜಿಯಾಗುತ್ತದೆ.

ಟ್ಯಾಂಕನ್ನು ಮುಕ್ಕಾಲು ಖಾಲಿ ಬಿಡುವುದು ಉಳಿತಾಯವಲ್ಲ. ಖಾಲಿ ಜಾಗದ ತೇವ ಒಳಗೋಡೆಗೆ ಹನಿಯಾಗಿ ಕೂತು ತುಕ್ಕು ಹಿಡಿಸುತ್ತದೆ. ಅಲ್ಲದೆ ಇಂದಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10% ಎಥನಾಲ್ ಇದ್ದು ಅದು ನೀರನ್ನು ಹೀರುತ್ತದೆ. ಹೀರಿದ್ದು ಅತಿಯಾದಾಗ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕು ತುಂಬಿಸಿ, ಸ್ಟೆಬಿಲೈಸರ್ ಬೆರೆಸಿ, ಅದು ಕಾರ್ಬುರೇಟರಿನವರೆಗೂ ತಲುಪುವಂತೆ ಹತ್ತು ನಿಮಿಷ ಎಂಜಿನ್ ಓಡಿಸಬೇಕು. ಹಳೆಯ ಆಯಿಲಿನಲ್ಲಿ ಆಮ್ಲ ಸೇರಿರುವುದರಿಂದ ಅದನ್ನೂ ಈಗಲೇ ಬದಲಿಸುವುದು ಲೇಸು.

ರೇಡಿಯೇಟರಿನಲ್ಲಿ ಬರೀ ನೀರಿದ್ದರೆ ಅದು ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳಬಲ್ಲದು. ಎಥಿಲಿನ್ ಗ್ಲೈಕಾಲ್ ಮತ್ತು ನೀರು ಸಮಪಾಲು ಬೆರೆಸಿದರೆ −37 ಡಿಗ್ರಿ ಸೆಲ್ಸಿಯಸ್‌ವರೆಗೆ ಭಯವಿಲ್ಲ. ಉಳಿದ ದ್ರಾವಣವನ್ನು ಮಾತ್ರ ಖಾಲಿ ಮೊಸರಿನ ಡಬ್ಬಿಗೆ ಸುರಿದಿಡಕೂಡದು. ಅದು ರುಚಿಗೆ ಸಿಹಿ, ಗುಣದಲ್ಲಿ ವಿಷ. ಮೊಸರಿನ ಡಬ್ಬಿಯಲ್ಲಿ ಮೊಸರೊಂದನ್ನು ಬಿಟ್ಟು ಸಾರು, ಹುಳಿ, ದೋಸೆಹಿಟ್ಟು ಎಲ್ಲವೂ ಇರುವ ಮನೆಗಳಲ್ಲಿ ಈ ಎಚ್ಚರಿಕೆ ಎರಡು ಸಲ ಹೇಳತಕ್ಕದ್ದು.

ಬ್ಯಾಟರಿಯನ್ನು ಬಿಚ್ಚಿ ಒಳಗೆ ತರುವುದು ಕ್ಷೇಮ. ಪೂರ್ತಿ ಚಾರ್ಜಾದ ಬ್ಯಾಟರಿ ಮಿಶಿಗನ್ನಿನ ಚಳಿಗೆ ಜಗ್ಗದು. ಚಾರ್ಜು ಇಳಿದದ್ದು ಬೇಗ ಹೆಪ್ಪುಗಟ್ಟಿ ಒಡೆಯುತ್ತದೆ. ಈ ಗಾಡಿಯದು 6 ವೋಲ್ಟಿನ ಬ್ಯಾಟರಿಯಾದ್ದರಿಂದ ಮನೆಯಲ್ಲಿರುವ 12 ವೋಲ್ಟಿನ ಚಾರ್ಜರನ್ನು ಇದಕ್ಕೆ ತಗುಲಿಸಬಾರದು. ಕಾಂಕ್ರೀಟ್ ನೆಲದ ಮೇಲಿಟ್ಟರೆ ಬ್ಯಾಟರಿ ಸತ್ತುಹೋಗುತ್ತದೆಂದು ತಾತ ಹೇಳುತ್ತಾರೆ. ಹಿಂದಿನ ಕಾಲದ ಪೆಟ್ಟಿಗೆಗಳಿಗೆ ಆ ಮಾತು ಅನ್ವಯಿಸುತ್ತಿತ್ತು, ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗಲ್ಲ. ಆದರೂ ಅದರ ಕೆಳಗೊಂದು ಊಟದ ಮಣೆ ಹಾಕುವುದರಿಂದ ಬ್ಯಾಟರಿಗೆ ನಷ್ಟವಿಲ್ಲ, ತಾತನಿಗೆ ಸಮಾಧಾನ. ಟೈರಿಗೆ ನಾಲ್ಕೈದು ಪೌಂಡು ಗಾಳಿ ಹೆಚ್ಚಿರಲಿ. ಪಾರ್ಕಿಂಗ್ ಬ್ರೇಕು ಹಾಕಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಕಟ್ಟೆ ಕೊಟ್ಟರೆ ಸಾಕು.

ಇಲಿಗೆ ಅಕ್ಕಿಮೂಟೆಯ ಪಕ್ಕದಲ್ಲೇ ಸ್ಪಂಜು ತುಂಬಿದ ಸೀಟು, ಅದರ ಸಂದಿನಲ್ಲಿ ಪೂಜೆಯ ಕಡ್ಲೆಪುರಿ ಸಿಕ್ಕರೆ ಅದು ಬೇರೆ ಮನೆ ಹುಡುಕುವುದಿಲ್ಲ. ಈ ಮಾದರಿಯ ಕ್ಯಾಬಿನ್ನು ಉಸಿರಾಡುತ್ತದೆಂದು ಕಂಪನಿಯವರೇ ಆ ಕಾಲದಲ್ಲಿ ಜಾಹೀರಾತು ಕೊಟ್ಟಿದ್ದರು. ಗಾಳಿ ನುಗ್ಗುವ ಕಿಂಡಿಯಲ್ಲಿ ಇಲಿಯೂ ನುಗ್ಗುತ್ತದೆ. ಕಿಂಡಿಗಳಿಗೆ, ಏರ್ ಫಿಲ್ಟರಿನ ಬಾಯಿಗೆ, ಸೈಲೆನ್ಸರ್ ಪೈಪಿಗೆ ಉಕ್ಕಿನ ನಾರು ತುರುಕಬೇಕು. ಪಾತ್ರೆ ತಿಕ್ಕುವುದಕ್ಕೆಂದು ತಂದಿಟ್ಟ ನಾರು ಒಮ್ಮೆಲೇ ಮಾಯವಾಗುವುದು ಈ ವಾರದಲ್ಲೇ. ಅಜ್ಜಿ ಸೂಚಿಸುವ ಡಾಂಬರು ಗುಳಿಗೆ ಇಲಿಯನ್ನು ಓಡಿಸುತ್ತದೋ ಇಲ್ಲವೋ, ಮನುಷ್ಯರನ್ನಂತೂ ಓಡಿಸುತ್ತದೆ. ಸೀಟಿಗೆ ಹಿಡಿದ ವಾಸನೆ ಬೇಸಿಗೆಯಲ್ಲೂ ಬಿಡುವುದಿಲ್ಲ. ನಂಬಬಹುದಾದ ಉಪಾಯ ಬೋನು. ಗಣೇಶನ ವಾಹನಕ್ಕೆ ಬೋನಿಡುವುದೇ ಎಂಬ ಆಕ್ಷೇಪಣೆ ಮನೆಯಲ್ಲಿ ಏಳುತ್ತದೆ. ಹಿಡಿದದ್ದನ್ನು ಜೀವಸಹಿತ ದೂರದ ಪಾರ್ಕಿನಲ್ಲಿ ಬಿಟ್ಟುಬರುವ ಕೆಲಸ ಆಕ್ಷೇಪಿಸಿದವರಿಗೇ ಸೇರತಕ್ಕದ್ದು.

ಹೊದಿಕೆ ಗಾಳಿಯಾಡುವಂಥದಾಗಿರಬೇಕು. ಪ್ಲಾಸ್ಟಿಕ್ ತಾಡಪಾಲು ತೇವವನ್ನು ಒಳಗೇ ಹಿಡಿದಿಡುತ್ತದೆ. ಅಂಗಡಿಯ ಕವರಿನ ಕೆಳಗೆ ಒಗೆದು ಮೆತ್ತಗಾದ ಹತ್ತಿಯ ಹಳೇ ಸೀರೆಗಳನ್ನು ಹಾಸಿದರೆ ಬಣ್ಣಕ್ಕೆ ಗೀರು ಬೀಳುವುದಿಲ್ಲ. ಯಾವ ಸೀರೆ ಹಳೆಯದು ಎಂಬುದನ್ನು ಯಜಮಾನರು ತಾವೇ ನಿರ್ಧರಿಸಬಾರದು.

ಇಷ್ಟಾದ ಮೇಲೆ ಗಾಡಿಯನ್ನು ಮುಟ್ಟದಿರುವುದೇ ಸಂರಕ್ಷಣೆ. ಕನ್ನಡ ಕುಟುಂಬಕ್ಕೆ ಇದೇ ಎಲ್ಲಕ್ಕಿಂತ ಕಷ್ಟ. ಹಾಲಿಟ್ಟರೆ ಉಕ್ಕುವ ತನಕ ಕಾಯುವ, ಮಲಗಿದ ಮಗುವಿನ ಹಣೆ ಮುಟ್ಟಿ ನೋಡುವ ಜನ ಐದು ತಿಂಗಳು ಒಂದು ವಸ್ತುವನ್ನು ಅದರಷ್ಟಕ್ಕೆ ಬಿಡಲಾರರು. ಗ್ರೀನ್ ಕಾರ್ಡಿನ ನಿಮಿತ್ತ ಚಳಿಗಾಲದಲ್ಲೂ ಉಳಿಯಬೇಕಾದ ತಾತನಿಗೆ ಗಾಡಿಯನ್ನು ಆಗಾಗ ಸ್ಟಾರ್ಟ್ ಮಾಡದಿದ್ದರೆ ಜಡ್ಡು ಹಿಡಿಯುತ್ತದೆಂಬ ನಂಬಿಕೆ. ಊರಿನಲ್ಲಿ ಸ್ಕೂಟರಿನ ಜೊತೆ ಇಪ್ಪತ್ತು ವರ್ಷ ಹಾಗೆಯೇ ಬಾಳಿದವರು. ಇಲ್ಲಿ ಅದು ನಡೆಯದು. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಡುತ್ತದೆ. ಐದು ನಿಮಿಷದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ಆ ನೀರು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿದು ಒಳಗಿನಿಂದ ತಿನ್ನುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ತುಂಬುವ ಕಾರ್ಬನ್ ಮೊನಾಕ್ಸೈಡು ಕೊಲ್ಲುತ್ತದೆ, ಇದರಲ್ಲಿ ತಮಾಷೆಯಿಲ್ಲ. ಈ ಗಾಡಿಯ ಮೊದಮೊದಲ ಮಾದರಿಗಳಲ್ಲಿ ಸ್ಟಾರ್ಟರು ಕಾಲಲ್ಲಿ ಒತ್ತುವ ಪೆಡಲು; ಕೀಲಿಯ ಜೊತೆಗೆ ಬ್ಯಾಟರಿಯನ್ನೂ ತೆಗೆದಿಡಲು ಇದು ಇನ್ನೊಂದು ಕಾರಣ.

ಎರಡನೆಯ ಕಾಟ ಕನ್ನಡ ಕೂಟದ್ದು. ರಾಜ್ಯೋತ್ಸವದ ಮೆರವಣಿಗೆಗೆ ಭುವನೇಶ್ವರಿಯನ್ನು ಕೂರಿಸಲು ಪಿಕಪ್ಪಿಗಿಂತ ಒಳ್ಳೆಯ ರಥವಿಲ್ಲವೆಂದು ಕಾರ್ಯದರ್ಶಿಗಳು ನವೆಂಬರಿನಲ್ಲಿ ಫೋನು ಮಾಡುತ್ತಾರೆ. ಕಾನೂನಿನ ನೆವ ಹೇಳಿ ನುಣುಚಿಕೊಳ್ಳುವಂತಿಲ್ಲ. ಮಿಶಿಗನ್ನಿನಲ್ಲಿ 25 ವರ್ಷ ದಾಟಿದ ಗಾಡಿಗೆ ಕೊಡುವ ಚಾರಿತ್ರಿಕ ನಂಬರ್ ಪ್ಲೇಟು ಮೆರವಣಿಗೆ, ಪ್ರದರ್ಶನಗಳಿಗೆ ಸ್ಪಷ್ಟವಾಗಿ ಅವಕಾಶ ಕೊಡುತ್ತದೆ. ಅದು ತಡೆಯುವುದು ದಿನಬಳಕೆಯನ್ನು, ಅದಕ್ಕೂ ಆಗಸ್ಟ್ ತಿಂಗಳೊಂದರಲ್ಲಿ ವಿನಾಯಿತಿಯಿದೆ. ಸೈಲೆನ್ಸರಿಗೆ ನಾರು ತುರುಕಿಯಾಗಿದೆ ಎನ್ನುವುದು ತಕ್ಕ ಉತ್ತರ.

ಏಪ್ರಿಲ್‌ನಲ್ಲಿ ಹಿಮ ಕರಗಿದರೆ ಸಾಲದು. ಒಂದೆರಡು ಜಡಿಮಳೆ ಬಿದ್ದು ರಸ್ತೆಯ ಉಪ್ಪು ತೊಳೆದುಹೋಗಬೇಕು. ಆಮೇಲೆ ಸೀರೆ, ನಾರು, ಚಕ್ರದ ಕಟ್ಟೆ ಎಲ್ಲವನ್ನೂ ತೆಗೆಯಬೇಕು. ಏನೇನು ತುರುಕಲಾಗಿದೆ ಎಂಬ ಪಟ್ಟಿಯನ್ನು ನವೆಂಬರಿನಲ್ಲೇ ಬರೆದು ಸ್ಟೀರಿಂಗಿಗೆ ಕಟ್ಟಿರಬೇಕು. ಮಕ್ಕಳೂ ಓದಬೇಕೆಂದಿದ್ದರೆ ಇಂಗ್ಲಿಷಿನಲ್ಲಿ. ಬಾನೆಟ್ ಎತ್ತಿ ಗೂಡು, ಕಡಿದ ವೈರು ಇದೆಯೇ ನೋಡಿ, ಗ್ಯಾರೇಜಿನ ಬಾಗಿಲು ತೆರೆದು ಸ್ಟಾರ್ಟ್ ಮಾಡಬೇಕು. ಆ ಕಾಲದ ಬ್ರೇಕಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಕೊಳವೆಜಾಲ, ಒಂದು ಕಡೆ ಸೋರಿದರೆ ಎಲ್ಲವೂ ಹೋದಂತೆ. ಹಾಗಾಗಿ ಬೀದಿಗಿಳಿಯುವ ಮುನ್ನ ಮನೆಯಂಗಳದಲ್ಲೇ ಎರಡು ಸಲ ಒತ್ತಿ ನೋಡತಕ್ಕದ್ದು. ಪೆಡಲು ಗಟ್ಟಿ ನಿಂತರೆ ಗಾಡಿ ಸಿದ್ಧ. ಇಂಡಿಯನ್ ಅಂಗಡಿಯಿಂದ ಅಕ್ಕಿ ತರಲು ಮಾತ್ರ ಆಗಸ್ಟ್ ಬರಬೇಕು.