ನೂರಕ್ಕೆ ನೂರು ಮಜೂರಿ

ಒಡವೆ ಅಂಗಡಿಯಲ್ಲಿ ನಮ್ಮ ಚೌಕಾಸಿಯೆಲ್ಲ ಮಜೂರಿಯ ಮೇಲೆ. ಚಿನ್ನದ ದರ ದೈವೇಚ್ಛೆ, ಗೋಡೆಯ ಮೇಲಿನ ಬೋರ್ಡಿಗೆ ಎದುರಾಡುವವರಿಲ್ಲ. ಆದರೆ ಆ ಚಿನ್ನಕ್ಕೆ ಆಕಾರ ಕೊಟ್ಟ ಕೈಗೆ ಇಷ್ಟು ಎಂದು ಹೇಳಿದೊಡನೆ ಮನೆಮಂದಿಯೆಲ್ಲ ಲೆಕ್ಕಪರಿಶೋಧಕರಾಗಿಬಿಡುತ್ತಾರೆ. ‘ವೇಸ್ಟೇಜು ಇಷ್ಟೊಂದಾ?’ ಎಂಬ ಉದ್ಗಾರ ಹೊರಡದೆ ಮದುವೆಯ ಒಡವೆ ಖರೀದಿ ಸಂಪನ್ನವಾಗದು. ಇಂಥ ನಮಗೆ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಕೈಯಾರೆ ಮಾಡಿದ ಒಡವೆ ಸಂಗ್ರಹಿಸುವವರು ಹುಚ್ಚರಂತೆ ಕಂಡರೆ ಆಶ್ಚರ್ಯವಿಲ್ಲ. ಅವರು ಹರಾಜಿನಲ್ಲಿ ಲಕ್ಷಾಂತರ ಡಾಲರ್ ಸುರಿದು ಮನೆಗೆ ತರುವುದು ಬಹುಪಾಲು ಹಿತ್ತಾಳೆಯ ತಂತಿ. ಗುಜರಿಯವನ ತಕ್ಕಡಿಗೆ ಹಾಕಿದರೆ ಕಾಫಿ ಖರ್ಚು ಹುಟ್ಟೀತು. ಅಂದರೆ ಲೋಹಕ್ಕೆ ಸೊನ್ನೆ, ಮಜೂರಿಗೆ ನೂರಕ್ಕೆ ನೂರು. ಒಡವೆಯ ಲೆಕ್ಕವನ್ನು ಸರಿಯಾಗಿ ಮಾಡಿದವರು ಇವರೇ ಎಂಬುದು ನನ್ನ ವಾದ.

ಕಾಲ್ಡರ್ (1898–1976) ಲೋಕಕ್ಕೆ ಗೊತ್ತಿರುವುದು ಗಾಳಿಗೆ ತೂಗಾಡುವ ‘ಮೊಬೈಲ್’ ಶಿಲ್ಪಗಳಿಂದ. ಜೇಬಿನಲ್ಲಿ ಕಿರುಚುವ ಮೊಬೈಲಿಗೂ ಇದಕ್ಕೂ ನಂಟಿಲ್ಲ. ತಂದೆ, ತಾತ ಇಬ್ಬರೂ ಶಿಲ್ಪಿಗಳು. ಈತ ಮಾತ್ರ 1919ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ. ಬಾಲ್ಯದಲ್ಲಿ ಅಕ್ಕನ ಗೊಂಬೆಗಳಿಗೆ ತಂತಿಯ ಒಡವೆ ಮಾಡುತ್ತಿದ್ದವನು ಕೊನೆಗೆ ಮಾಡಿದ್ದು ಸುಮಾರು 1800. ತಂತಿಯನ್ನು ಸುತ್ತಿಗೆಯಲ್ಲಿ ಬಡಿದು, ಇಕ್ಕಳದಲ್ಲಿ ಸುರುಳಿ ಸುತ್ತಿ, ಕೊಂಡಿಗೆ ಕೊಂಡಿ ಸಿಕ್ಕಿಸುವುದು ಅವನ ರೀತಿ. ಬೆಸುಗೆಯ ಗೊಡವೆಗೆ ಹೋದದ್ದು ಕಡಿಮೆ. ಹಾಗಾಗಿ ಸುತ್ತಿಗೆಯ ಪ್ರತಿ ಏಟೂ ಮೈಮೇಲೆ ಕಾಣುತ್ತದೆ. ನಮ್ಮ ಅಂಗಡಿಯವರು ಪಾಲಿಶ್ ಹಾಕಿ ಮುಚ್ಚುವುದನ್ನೇ ಸಂಗ್ರಾಹಕರು ಭೂತಗನ್ನಡಿ ಹಿಡಿದು ಹುಡುಕುತ್ತಾರೆ. ಲೂಯಿಸಾಳನ್ನು ಮದುವೆಯಾಗುವಾಗ ಈತ ಸುರುಳಿಯಿಟ್ಟ ಚಿನ್ನದ ಉಂಗುರ ಮಾಡಿಕೊಟ್ಟ, ಮದುವೆಗೂ ಅದೇ ಸಾಕು ಎಂದುಕೊಂಡ. ಆಕೆ ಅದನ್ನು ನಿಶ್ಚಿತಾರ್ಥದ ಲೆಕ್ಕಕ್ಕೆ ಬರೆದುಕೊಂಡಳು. ಮದುವೆಯ ಉಂಗುರವನ್ನು ಎರಡು ಡಾಲರ್ ಕೊಟ್ಟು ಅಂಗಡಿಯಿಂದ ತರಬೇಕಾಯಿತು. ವಧುವಿನ ಶಾಸ್ತ್ರಜ್ಞಾನದ ಮುಂದೆ ಯಾವ ಕಲಾವಿದನೂ ಗೆದ್ದ ದಾಖಲೆಯಿಲ್ಲ.

‘ಇವರು ಕೊಡುವುದು ಕೈಕೆಲಸಕ್ಕಲ್ಲ, ಹೆಸರಿಗೆ’ ಎಂಬ ಆಕ್ಷೇಪವಿದೆ. ಅರ್ಧ ನಿಜ. ಹೆಸರಿಲ್ಲದಿದ್ದರೆ ಹರಾಜಿನ ಸುತ್ತಿಗೆ ಅಷ್ಟು ಮೇಲೇಳುತ್ತಿರಲಿಲ್ಲ. ಆದರೆ ಹೆಸರು ಮಾರಿ ಬದುಕುವವನು ಅಚ್ಚು ಮಾಡಿ ಸಾವಿರಗಟ್ಟಲೆ ಇಳಿಸುತ್ತಾನೆ. ಕಾಲ್ಡರ್ ಒಡವೆಯ ವಿಷಯದಲ್ಲಿ ಆ ದಾರಿಗೆ ಹೋಗಲಿಲ್ಲ. 1940ರಲ್ಲಿ ನ್ಯೂಯಾರ್ಕಿನ ವಿಲ್ಲರ್ಡ್ ಗ್ಯಾಲರಿಯಲ್ಲಿ ಪ್ರದರ್ಶನ ನಡೆದದ್ದು ಹೌದು, ಆದರೂ ಬಹಳಷ್ಟು ಹೋದದ್ದು ಹೆಂಡತಿಗೆ, ಗೆಳೆಯರಿಗೆ, ಹುಟ್ಟುಹಬ್ಬದ ಉಡುಗೊರೆಯಾಗಿ. ‘ತಂತಿ ಬಗ್ಗಿಸುವುದು ಯಾರಿಗೆ ಬರದು, ನಕಲು ಮಾಡಿದರಾಯಿತು’ ಎಂಬುದು ಇನ್ನೊಂದು ಆಕ್ಷೇಪ. ನಕಲು ಆಗಿದೆ, ಅದೂ ನಮ್ಮ ದೇಶದಲ್ಲೇ. ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್‌ಗೆ ಕಾಲ್ಡರ್ ಅವಳ ಹೆಸರಿನ ಅಕ್ಷರಗಳ ಹಿತ್ತಾಳೆ ಪಿನ್ನು ಮಾಡಿಕೊಟ್ಟಿದ್ದ. ತಲೆ ಬೆಳ್ಳಗಾದ ಮೇಲೆ ಹಿತ್ತಾಳೆ ಒಪ್ಪುವುದಿಲ್ಲವೆಂದು ಆಕೆ ಭಾರತದಲ್ಲಿ ಬೆಳ್ಳಿಯಲ್ಲಿ ಅದರ ಪ್ರತಿ ಮಾಡಿಸಿಕೊಂಡಳು. ಕೂದಲಿಗೆ ಬಣ್ಣ ಹಚ್ಚುವ ಬದಲು ಒಡವೆಗೇ ಬಣ್ಣ ಬದಲಿಸಿದ ಈಕೆಯ ಧೈರ್ಯಕ್ಕೆ ಕೈಮುಗಿಯಬೇಕು. ಆದರೆ ಈ ಕಥೆಯಲ್ಲಿ ಓಕೀಫ್ ಇದ್ದಾಳೆ, ಕಾಲ್ಡರ್ ಇದ್ದಾನೆ. ಬೆಳ್ಳಿ ಬಡಿದ ನಮ್ಮ ಅಕ್ಕಸಾಲಿಗ ‘ಭಾರತದಲ್ಲಿ’ ಎಂಬ ಒಂದೇ ಮಾತಿನೊಳಗೆ ಕರಗಿಹೋಗಿದ್ದಾನೆ. ಹೆಸರಿಗೆ ಬೆಲೆ ಕೊಟ್ಟದ್ದು ತಪ್ಪಲ್ಲ, ಒಬ್ಬನ ಹೆಸರಿಗಷ್ಟೇ ಕೊಟ್ಟದ್ದು ತಪ್ಪು.

ಸಂಗ್ರಾಹಕರನ್ನು ಇಷ್ಟು ಹೊಗಳಿದ ಮೇಲೆ ಒಂದು ತಕರಾರೂ ಇದೆ. ಈ ಒಡವೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಕೊಟ್ಟ ಮಜೂರಿ ಅರ್ಧ ವ್ಯರ್ಥ. ಕಾಲ್ಡರನ ಒಡವೆ ಹಾಕಿಕೊಂಡವರ ಮೈಯಲ್ಲೇ ಮಾತಾಡುವುದು. 1942ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಗ್ಯಾಲರಿ ತೆರೆದ ದಿನ ಕಲಾಸಂಗ್ರಾಹಕಿ ಪೆಗ್ಗಿ ಗುಗೆನ್‌ಹೈಮ್ ಒಂದು ಕಿವಿಗೆ ಕಾಲ್ಡರನ ಓಲೆ, ಇನ್ನೊಂದಕ್ಕೆ ಚಿತ್ರಕಲಾವಿದ ಈವ್ ಟ್ಯಾಂಗಿಯ ಓಲೆ ಹಾಕಿಕೊಂಡಳು, ಅಮೂರ್ತ, ಅತಿವಾಸ್ತವ ಎಂಬ ಕಲೆಯ ಎರಡು ಪಂಥಗಳೂ ತನಗೆ ಸಮಾನ ಎಂದು ತೋರಿಸಲು. ನಮ್ಮಲ್ಲಿ ಯಾರಾದರೂ ಹೀಗೆ ಬಂದರೆ ‘ಒಂದು ಓಲೆ ಬಿದ್ದುಹೋಯಿತಾ?’ ಎಂದು ಅರ್ಧ ಛತ್ರ ನೆಲ ತಡಕುತ್ತಿತ್ತು. ‘ಅಸೂಯೆಯ ಗಂಡ’ ಎಂಬ ಹೆಸರಿನ ಅವನ ಹಿತ್ತಾಳೆ ಹಾರವಂತೂ ಕೊರಳಿನಿಂದ ಭುಜದಾಚೆಗೆ ಚೂಪುಚೂಪಾಗಿ ಚಾಚಿಕೊಂಡು ಯಾರನ್ನೂ ಹತ್ತಿರ ಬಿಡುವುದಿಲ್ಲ. ಬೆಂಗಳೂರಿನ ಸಿಟಿ ಬಸ್ಸಿಗೆ ಇದಕ್ಕಿಂತ ಉಪಯುಕ್ತವಾದ ಆಭರಣ ಇನ್ನೂ ಬಂದಿಲ್ಲ. ‘ಬೆಲೆಬಾಳುವುದನ್ನು ಹಾಕಿಕೊಂಡು ಸವೆಸುವುದೇ?’ ಎಂದರೆ, ಬಡಿದು ಬಡಿದೇ ರೂಪ ಪಡೆದ ಹಿತ್ತಾಳೆ ಒಂದು ಸಂಜೆಯ ಊಟಕ್ಕೆ ಹೆದರುವುದಿಲ್ಲ.

ಕಾಲ್ಡರನ ತುಂಡನ್ನು ಕೊಳ್ಳುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗಿಲ್ಲ, ಇರಲಿ. ಅಜ್ಜಿಯ ಬುಗುಡಿಯನ್ನೋ ಅಡ್ಡಿಕೆಯನ್ನೋ ಕರಗಿಸಿ ಹೊಸದು ಮಾಡಿಸಲು ಹೊರಟಿದ್ದರೆ ಒಂದು ದಿನ ತಡೆಯಿರಿ. ಅದನ್ನು ಮಾಡಿದ ಆಚಾರಿ ಯಾರು, ಯಾವ ಊರಿನವರು ಎಂದು ಮನೆಯ ಹಿರಿಯರನ್ನು ಕೇಳಿ, ಗೊತ್ತಾದರೆ ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗಿಡಿ.