ಟಿಮ್ ಬಂದಿದ್ದಾನಂತೆ!

1972ರಲ್ಲಿ ಕಾನೂನು ಬಂದು ಹುಲಿ ಬೇಟೆಗೆ ಬೀಗ ಬಿತ್ತು. ಹುಲಿಗಳು ಬಚಾವಾದವು, ಸಂತೋಷ. ಆದರೆ ಬೇಟೆಗಾರರು ಏನಾದರು ಅಂತ ಯಾರಾದರೂ ವಿಚಾರಿಸಿದಿರಾ? ಅವರ ಮೊಮ್ಮಕ್ಕಳು ನಡುರಾತ್ರಿ ದಾಟಿದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಟಿಮ್‌ಗಾಗಿ ಕಾಯುತ್ತಿದ್ದಾರೆ.

ಟಿಮ್ ಅಂದರೆ ಒಂದು ಅಸ್ಥಿಪಂಜರ. ಮೈಮೇಲೆ ಮಾಂಸವಿಲ್ಲದಿದ್ದರೂ ತಲೆ ಮೇಲೆ ಮಂತ್ರವಾದಿಯ ಟೊಪ್ಪಿಗೆ ಇದೆ. ನೆಲದಾಳದ ಗುಹೆಗಳಲ್ಲಿ ಇದ್ದಕ್ಕಿದ್ದಂತೆ ಪ್ರತ್ಯಕ್ಷನಾಗಿ, ಮಾಯಾಗೋಲ ಎಸೆದು, ಮಾಯವಾಗಿ ಇನ್ನೊಂದು ಕಡೆ ತೇಲುತ್ತಾನೆ. ಸುತ್ತಲಿನ ರಾಕ್ಷಸರಿಗೆಲ್ಲ ಭಯಂಕರ ಬಿರುದುಗಳಿದ್ದರೆ ಇವನ ಹೆಸರು ಬರೀ ಟಿಮ್. ಆಫೀಸಿನ ಮೂರನೇ ಮಹಡಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವನ ಹೆಸರು! ಅವನನ್ನು ಕೊಂದರೆ ಸಿಗುವುದೇನು? ಅದೇ ಟೊಪ್ಪಿಗೆ. ಅಷ್ಟಕ್ಕೋಸ್ಕರ ಎಂಜಿನಿಯರಿಂಗ್ ಓದಿದ ಹುಡುಗರು ನಿದ್ದೆಗೆಡುತ್ತಾರೆ.

ನಾನು ಹೇಳುತ್ತಿರುವುದು ಟೆರೇರಿಯಾ ಎಂಬ ಆಟದ ವಿಷಯ. ಅಮೆರಿಕದ ಇಂಡಿಯಾನಾ ರಾಜ್ಯದ ರೀ-ಲಾಜಿಕ್ ಎಂಬ ಸಣ್ಣ ಕಂಪನಿ 2011ರ ಮೇ 16ರಂದು ಹೊರತಂದದ್ದು. ಆಂಡ್ರ್ಯೂ ಸ್ಪಿಂಕ್ಸ್ ಎಂಬಾತ ಇದರ ಮೂಲಪುರುಷ. ಪಕ್ಕದಿಂದ ನೋಡಿದಂತೆ ಕಾಣುವ ಚೌಕ ಚೌಕದ ಲೋಕ. ಕೈಗೆ ಒಂದು ತಾಮ್ರದ ಗುದ್ದಲಿ, ಒಂದು ಕೊಡಲಿ, ಒಂದು ಗಿಡ್ಡ ಕತ್ತಿ ಕೊಟ್ಟು ನಿಮ್ಮನ್ನು ಅಲ್ಲಿ ಇಳಿಸಿಬಿಡುತ್ತಾರೆ. ಅಗೆಯಿರಿ, ಮನೆ ಕಟ್ಟಿ, ಬದುಕಿ, ಸಾಯಿರಿ, ಮತ್ತೆ ಹುಟ್ಟಿ. ಇಂಥದ್ದೇ ಮಾಡಬೇಕು ಅಂತ ಕಟ್ಟಪ್ಪಣೆಯಿಲ್ಲ. 2022ರ ಹೊತ್ತಿಗೆ ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಖರ್ಚಾಗಿತ್ತು. 2020ರಲ್ಲಿ ‘ಜರ್ನೀಸ್ ಎಂಡ್’ ಅಂತ ಹೆಸರಿಟ್ಟು ದೊಡ್ಡ ಅಪ್‌ಡೇಟ್ ಕೊಟ್ಟರು. ಅಂದರೆ ಪಯಣ ಮುಗಿಯಿತು, ಇನ್ನು ನಮ್ಮನ್ನು ಪೀಡಿಸಬೇಡಿ ಅಂತ. 2022ರಲ್ಲಿ ಮತ್ತೊಂದು ದೊಡ್ಡ ಅಪ್‌ಡೇಟ್ ಬಂತು. ಕೊನೆಯ ಸಭೆ ಅಂತ ಘೋಷಿಸಿದ ಮೇಲೂ ಮೈಕ್ ಬಿಡದವರನ್ನು ನಾವು ಕಂಡಿಲ್ಲವೇ, ಇರಲಿ.

ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದ ನಮ್ಮಂಥವರಿಗೆ ಈ ಹೊಸ ಬೇಟೆ ಮೊದಲಿಗೆ ತಲೆಗೆ ಹತ್ತುವುದಿಲ್ಲ. ಅಲ್ಲಿ ನರಭಕ್ಷಕ ಮೊದಲೇ ಕಾಡಿನಲ್ಲಿರುತ್ತಿತ್ತು. ಹೆಜ್ಜೆ ಗುರುತು, ಮುಸುವದ ಎಚ್ಚರಿಕೆ ಕೂಗು, ಅರ್ಧ ತಿಂದ ಹಸು, ಇವನ್ನೆಲ್ಲ ಹಿಡಿದು ಬೇಟೆಗಾರ ಜಾಡು ಹತ್ತುತ್ತಿದ್ದ. ಟೆರೇರಿಯಾದಲ್ಲಿ ಜಾಡೂ ಇಲ್ಲ, ಗೀಡೂ ಇಲ್ಲ. ಯಾಕೆಂದರೆ ನೀವು ಹೋಗುವ ತನಕ ಅಲ್ಲಿ ಪ್ರಾಣಿಯೇ ಇರುವುದಿಲ್ಲ! ಆಟ ಸೆಕೆಂಡಿಗೆ 60 ಸಲ ದಾಳ ಉರುಳಿಸುತ್ತಾ, ನಿಮ್ಮ ಪರದೆಯ ಅಂಚಿನಾಚೆ ಅಷ್ಟು ದೂರದಲ್ಲಿ ಒಂದೊಂದು ಜೀವವನ್ನು ಆಗಿಂದಾಗ್ಗೆ ಹುಟ್ಟಿಸುತ್ತದೆ. ನೀವು ದೂರ ಸರಿದರೆ ಅದು ಸದ್ದಿಲ್ಲದೆ ಅಳಿದುಹೋಗುತ್ತದೆ. ಹುಡುಕುತ್ತಾ ಗುಹೆಯಿಂದ ಗುಹೆಗೆ ಬೆವರು ಸುರಿಸಿ ಓಡುವವನಿಗಿಂತ, ಒಂದು ಅಟ್ಟಣೆ ಕಟ್ಟಿ ಸುಮ್ಮನೆ ನಿಂತವನಿಗೆ ಲಾಭ ಜಾಸ್ತಿ. ಮರಕ್ಕೆ ಕಟ್ಟಿದ ಎಮ್ಮೆ ಕರುವೂ ನೀವೇ, ಮಚಾನಿನ ಮೇಲೆ ಬಂದೂಕು ಹಿಡಿದವರೂ ನೀವೇ.

ಇಷ್ಟಕ್ಕೇ ಮುಗಿಯಲಿಲ್ಲ. ಒಬ್ಬ ಆಟಗಾರನ ಸುತ್ತ ಒಮ್ಮೆಗೆ ಇಷ್ಟೇ ರಾಕ್ಷಸರು ಇರಬಹುದು ಅಂತ ಒಂದು ಮಿತಿಯಿದೆ. ಮೂಲ ಲೆಕ್ಕ 5. ರಾತ್ರಿಗೆ, ಜಾಗಕ್ಕೆ ತಕ್ಕಂತೆ ಅದು ಏರುತ್ತದೆ, ಇಳಿಯುತ್ತದೆ. ಆ ಜಾಗವನ್ನೆಲ್ಲ ಬಾವಲಿಗಳು, ಸಾಮಾನ್ಯ ಅಸ್ಥಿಪಂಜರಗಳು ತುಂಬಿಕೊಂಡು ಕೂತರೆ ಟಿಮ್ ಬರುವುದೆಲ್ಲಿಂದ? ಹುದ್ದೆ ಖಾಲಿಯಾಗದೆ ನೇಮಕಾತಿ ಆಗುವುದಿಲ್ಲವಷ್ಟೆ. ಹಾಗಾಗಿ ಬೇಟೆಗಾರನ ಮುಕ್ಕಾಲು ಪಾಲು ಕೆಲಸ, ತನಗೆ ಬೇಡವಾದ ಬಡಪಾಯಿಗಳನ್ನು ಕೊಲ್ಲುತ್ತಾ ಜಾಗ ಮಾಡಿಕೊಡುವುದು. ನೀರಿನ ಮೋಂಬತ್ತಿ ಅಂತ ಒಂದಿದೆ, ಅದನ್ನು ಹಚ್ಚಿಟ್ಟರೆ ರಾಕ್ಷಸರು ಬೇಗ ಬೇಗ ಬರುತ್ತಾರೆ. ‘ಬ್ಯಾಟಲ್ ಪೋಶನ್’ ಎಂಬ ಕಷಾಯ ಕುಡಿದರೆ ಇನ್ನೂ ಜಾಸ್ತಿ. ರಾಕ್ಷಸರು ಬರಬಾರದು ಅಂತ ದೀಪ ಹಚ್ಚುವುದನ್ನು ಕೇಳಿದ್ದೆವು. ಇವರು ಬರಲಿ ಅಂತ ಹಚ್ಚುತ್ತಾರೆ.

ಇನ್ನು ಕಾಲ, ಮುಹೂರ್ತ. ಟೆರೇರಿಯಾದ ಒಂದು ದಿನ ನಮ್ಮ 24 ನಿಮಿಷ. ಹಗಲು 15, ರಾತ್ರಿ 9. ಡಾಕ್ಟರ್ ಬೋನ್ಸ್ ಎಂಬ ಮಹಾಶಯ ಬರುವುದು ರಾತ್ರಿ ಮಾತ್ರ, ಅದೂ ಜಂಗಲ್ಲಿನ ನೆಲದ ಮೇಲೆ. ಸಿನಿಮಾದ ಇಂಡಿಯಾನಾ ಜೋನ್ಸ್ ಸತ್ತು ಹೆಣವಾಗಿ ಎದ್ದು ಬಂದರೆ ಹೇಗಿರುತ್ತಾನೋ ಹಾಗಿದ್ದಾನೆ. ಅಂದರೆ ಒಂಬತ್ತು ನಿಮಿಷ ಕತ್ತಿ ಬೀಸು, ಹದಿನೈದು ನಿಮಿಷ ಆಕಳಿಸು. ಮದುಮಗ ಅಂತ ಇನ್ನೊಬ್ಬ ಹೆಣ. ಅವನು ಬರುವುದು ರಕ್ತಚಂದ್ರ ಮೂಡಿದ ರಾತ್ರಿ ಮಾತ್ರ. ಆಮೇಲೆ ಜೊತೆಗೊಬ್ಬ ಮದುಮಗಳನ್ನೂ ಸೇರಿಸಿದರು. ಸತ್ತ ಮೇಲೂ ಮದುವೆ ದಿರಿಸು ಬಿಚ್ಚದ ದಂಪತಿ. ಡಾಕ್ಟರನ್ನು ಕೊಂದರೆ ಟೋಪಿ. ಮದುಮಗನನ್ನು ಕೊಂದರೂ ಟೋಪಿ. ಟಿಮ್‌ನದ್ದು ಆಗಲೇ ಹೇಳಿದೆ. ಇಷ್ಟು ಪ್ರಾಮಾಣಿಕವಾಗಿ, ಎಲ್ಲರಿಗೂ ತಿಳಿಸಿಯೇ ಟೋಪಿ ಹಾಕುವ ವ್ಯವಹಾರ ನಾನು ಬೇರೆಲ್ಲೂ ನೋಡಿಲ್ಲ.

ಆದರೆ ಈ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ‘ಲಾಸ್ಟ್ ಗರ್ಲ್’ ಮೇಲೆ. ಆಟದಲ್ಲಿ ಅಲ್ಲಲ್ಲಿ ಕಟ್ಟಿಹಾಕಿದ ಜನ ಸಿಗುತ್ತಾರೆ. ಗುಹೆಯಲ್ಲಿ ಒಬ್ಬ ಗಾಬ್ಲಿನ್ ಕಮ್ಮಾರ, ಹಳೇ ಬಂದೀಖಾನೆಯಲ್ಲಿ ಒಬ್ಬಳು ಮೆಕ್ಯಾನಿಕ್. ಬಿಡಿಸಿದರೆ ನಿಮ್ಮ ಊರಿಗೇ ಬಂದು ಬಾಡಿಗೆಯಿಲ್ಲದೆ ಇರುತ್ತಾರೆ, ಸಾಮಾನು ಮಾರುತ್ತಾರೆ. ಹೀಗೆ ಪರೋಪಕಾರದ ಚಟ ಹತ್ತಿದ ಹೊಸಬ, ಆಳದ ಕತ್ತಲೆಯಲ್ಲಿ ಒಬ್ಬಂಟಿ ಹುಡುಗಿ ಅಲುಗಾಡದೆ ನಿಂತಿರುವುದನ್ನು ಕಾಣುತ್ತಾನೆ. ಅಯ್ಯೋ ಪಾಪ, ದಾರಿ ತಪ್ಪಿದ ಮಗು, ಅಂತ ಹತ್ತಿರ ಹೋಗುತ್ತಾನೆ. ಹತ್ತಿರ ಹೋದದ್ದೇ ತಡ, ಮಗು ಹೋಗಿ ನಿಂಫ್ ಎಂಬ ಮಾರಿ ಎದ್ದು ನಿಲ್ಲುತ್ತದೆ. ಓಡಿದರೆ ಅವಳು ಇನ್ನೂ ಜೋರಾಗಿ ಓಡುತ್ತಾಳೆ. ಶಿವಾಯ ನಮಃ.

ತಮಾಷೆ ಏನೆಂದರೆ, ಅದೇ ಹುಡುಗ ಆರು ತಿಂಗಳ ಮೇಲೆ ಅದೇ ಹುಡುಗಿಯನ್ನು ಗುಹೆ ಗುಹೆಯಲ್ಲಿ ಹುಡುಕಿಕೊಂಡು ಅಲೆಯುತ್ತಾನೆ. ಅವಳ ಹತ್ತಿರ ಲೋಹಶೋಧಕ ಯಂತ್ರ ಇದೆ ಅಂತ ಅಷ್ಟರಲ್ಲಿ ಅವನಿಗೆ ಗೊತ್ತಾಗಿರುತ್ತದೆ. ಈಗ ಕಂಡ ಕೂಡಲೇ ಪಾಪ ಅನ್ನುವುದಿಲ್ಲ. ದೂರದಲ್ಲೇ ನಿಂತು, ಕೆಂಡದಂಥ ಬಾಣ ಹೂಡಿ, ಕಾಲಿಗೆ ಬುದ್ಧಿ ಹೇಳಲು ಹಿಂದೆ ಜಾಗ ಬಿಟ್ಟುಕೊಂಡು ಶುರುಮಾಡುತ್ತಾನೆ. ಯಾರು ಯಾರ ವೇಷ ಹಾಕಿದ್ದಾರೆ ಅಂತ ನಿಂಫ್‌ಗೇ ಅನುಮಾನ ಬರಬೇಕು.

ಲೋಹಶೋಧಕ ಯಾಕೆ ಬೇಕು ಅಂತೀರಾ? ಸೆಲ್ ಫೋನ್ ಮಾಡಲಿಕ್ಕೆ! ಕೇಳಿ ಇದರ ಕತೆಯನ್ನ. ಅಪರೂಪದ ಪ್ರಾಣಿ ಹತ್ತಿರದಲ್ಲಿದ್ದರೆ ಅದರ ಹೆಸರನ್ನು ಪರದೆಯ ಮೂಲೆಯಲ್ಲಿ ತೋರಿಸುವ ‘ಲೈಫ್‌ಫಾರ್ಮ್ ಅನಲೈಸರ್’ ಅಂತ ಒಂದು ಯಂತ್ರವಿದೆ. ಕತ್ತಲೆ ಗುಹೆಯಲ್ಲಿ ಮೂಲೆಯಲ್ಲಿ ‘ಟಿಮ್’ ಅಂತ ಮೂಡಿದಾಗ ಬೇಟೆಗಾರನ ಎದೆ ಧಸಕ್ಕೆನ್ನುವುದನ್ನು ನೋಡಬೇಕು, ಸೀಮಂತಕ್ಕೆ ಕರೆದರೂ ಬರದವನು ಕುರ್ಚಿಯ ತುದಿಗೆ ಬಂದು ಕೂತಿರುತ್ತಾನೆ. ಆದರೆ ಈ ಯಂತ್ರ ಮಾರುವವನು ಒಬ್ಬ ಊರೂರು ಅಲೆಯುವ ವ್ಯಾಪಾರಿ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬಂದ ದಿನ ಚೀಲದಲ್ಲಿ ಅದು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅಪರೂಪವನ್ನು ಹುಡುಕುವ ಯಂತ್ರವೇ ಅಪರೂಪ. ಇದಕ್ಕೆ ಎಷ್ಟು ಕೊಂದಿರಿ ಎಂದು ಎಣಿಸುವ ಯಂತ್ರವನ್ನೂ, ಶತ್ರುಗಳ ಸಂಖ್ಯೆ ಹೇಳುವ ರಾಡಾರನ್ನೂ ಕೂಡಿಸಬೇಕು. ಎಣಿಸುವ ಯಂತ್ರ ಬಂದೀಖಾನೆಯ ಅಸ್ಥಿಪಂಜರಗಳನ್ನು ಕೊಂದರೆ ನೂರಕ್ಕೊಂದು ಸಲ ಬೀಳುತ್ತದೆ. ಆ ನೂರನ್ನು ಎಣಿಸಲು ಯಂತ್ರವಿಲ್ಲ, ಬೆರಳೇ ಗತಿ. ಹೀಗೆ ಗಡಿಯಾರ, ದಿಕ್ಸೂಚಿ, ಹವಾಮಾನದ ರೇಡಿಯೋ, ನಿಂಫ್‌ನ ಲೋಹಶೋಧಕ ಎಲ್ಲ ಸೇರಿಸಿ, ಕೊನೆಗೊಂದು ಮಾಯಾಕನ್ನಡಿ ಬೆಸೆದರೆ ಸೆಲ್ ಫೋನ್ ಸಿದ್ಧ.

ಅದರಿಂದ ಯಾರಿಗೂ ಫೋನ್ ಮಾಡಲು ಬರುವುದಿಲ್ಲ. ಒತ್ತಿದರೆ ನಿಮ್ಮನ್ನು ಸೀದಾ ಮನೆಗೆ ಕಳಿಸುತ್ತದೆ. ಕಿಸೆಯಲ್ಲಿರುವ ನಿಜವಾದ ಫೋನು ಇದರ ತದ್ವಿರುದ್ಧ ಕೆಲಸ ಮಾಡುತ್ತಿರುವುದರಿಂದ, ಟೆರೇರಿಯಾದವರ ಫೋನೇ ಮೇಲು ಅಂತ ಅನೇಕ ಹೆಂಡತಿಯರ ಅಭಿಪ್ರಾಯವಿದ್ದೀತು.

ಈಗ ಬನ್ನಿ ಬೇಟೆಗಳ ರಾಜನ ಹತ್ತಿರ. ಟೆರೇರಿಯಾದಲ್ಲಿ ಸ್ಲೈಮ್ ಅಂತ ಲೊಳಲೊಳ ಕುಪ್ಪಳಿಸುವ ಜೀವಗಳಿವೆ. ಮೊದಲ ದಿನವೇ ಎದುರಾಗುವ, ಮಕ್ಕಳೂ ಹೊಡೆದು ಹಾಕುವಂಥವು. ಸಾಮಾನ್ಯ ಸ್ಲೈಮ್‌ಗಳಲ್ಲಿ ಹತ್ತು ಸಾವಿರಕ್ಕೊಂದು ‘ಸ್ಲೈಮ್ ಸ್ಟಾಫ್’ ಎಂಬ ದಂಡ ಬೀಳಿಸುತ್ತದೆ. ಒಂದೇ ಬಗೆಯ ರಾಕ್ಷಸನನ್ನು 50 ಸಲ ಕೊಂದರೆ ಆಟ ಒಂದು ಬಾವುಟ ಬಹುಮಾನ ಕೊಡುತ್ತದೆ. ಹತ್ತು ಸಾವಿರಕ್ಕೆ ಸುಮಾರು 200 ಬಾವುಟ. ಕಲ್ಯಾಣಮಂಟಪ ಸಿಂಗರಿಸಬಹುದು. ಗಣಿತ ಬಲ್ಲವರು ಇನ್ನೊಂದು ಸಂಕಟ ಹೇಳುತ್ತಾರೆ: ಹತ್ತು ಸಾವಿರ ಕೊಂದ ಮೇಲೂ ಸಿಗದೇ ಇರುವವರು ನೂರಕ್ಕೆ ಸುಮಾರು 37 ಮಂದಿ. ಇಪ್ಪತ್ತು ಸಾವಿರ ಕೊಂದ ಮೇಲೂ 13-14 ಮಂದಿ ಬರಿಗೈ. ದಾಳಕ್ಕೆ ನೆನಪಿಲ್ಲ, ಕರುಣೆಯೂ ಇಲ್ಲ. ಪಿಂಕಿ ಎಂಬ ಪುಟಾಣಿ ಗುಲಾಬಿ ಸ್ಲೈಮ್ ಸಿಕ್ಕರೆ ಮಾತ್ರ ಅದೃಷ್ಟ ನೂರಕ್ಕೊಂದಕ್ಕೆ ಏರುತ್ತದೆ. ಹಸಿರು ಸ್ಲೈಮ್‌ನ ಜೀವ 14 ಅಂಕ, ಬೆರಳುದ್ದದ ಪಿಂಕಿಯದು 150. ಆದರೆ ಪಿಂಕಿಯೇ ಅಪರೂಪ ಕಣ್ರೀ!

ಇಷ್ಟೆಲ್ಲ ಪಟ್ಟು ಗಳಿಸಿದ ದಂಡವನ್ನು ಬೀಸಿದರೆ ಒಂದು ಮರಿ ಸ್ಲೈಮ್ ಹುಟ್ಟಿ ನಿಮ್ಮ ಹಿಂದೆ ಕುಪ್ಪಳಿಸುತ್ತದೆ. ಆಟದ ಶುರುವಿನಲ್ಲಿ ಒಂದಿಷ್ಟು ಉಪಯೋಗಕ್ಕೆ ಬಂದೀತು. ಆದರೆ ಹತ್ತು ಸಾವಿರ ಕೊಂದವನು ಶುರುವಿನಲ್ಲಿ ಎಲ್ಲಿರುತ್ತಾನೆ? ಅವನ ಬತ್ತಳಿಕೆಯಲ್ಲಿ ಆಗಲೇ ಚಂದ್ರನನ್ನು ಉರುಳಿಸುವ ಆಯುಧಗಳು. ದಂಡವನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಗೊಂದು ಹೆಸರಿಟ್ಟು, ಆಗಾಗ ತೆರೆದು ನೋಡುತ್ತಾನೆ. ಉಪಯೋಗಕ್ಕೆ ಬರುವ ವಸ್ತುವಾಗಿದ್ದರೆ ಇಷ್ಟು ಹುಡುಕುತ್ತಿರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇಂಥ ಬೇಟೆಯಲ್ಲಿ ನಂಬಿಕೆಗಳು ಹುಟ್ಟದೆ ಇರುತ್ತವೆಯೇ? ಎಡಕ್ಕೆ ಮುಖ ಮಾಡಿ ನಿಂತರೆ ಬೇಗ ಬರುತ್ತಾನೆ, ಈ ಅಂಗಿ ಹಾಕಿದರೆ ಬರುವುದೇ ಇಲ್ಲ, ಹೀಗೆ. ಎಲ್ಲ ಆಟಗಳಲ್ಲೂ ಇದ್ದದ್ದೇ. ಟೆರೇರಿಯಾದವರು ಮಾಡಿದ ಕಿತಾಪತಿ ಬೇರೆ. 2020ರ ಅಪ್‌ಡೇಟಿನಲ್ಲಿ ಅವರು ಅದೃಷ್ಟ ಎಂಬುದನ್ನೇ ನಿಜ ಮಾಡಿಬಿಟ್ಟರು! ಕಾಣದ ಒಂದು ಅಂಕ. ಅದು ಏರಿದರೆ ದಾಳ ನಿಮ್ಮ ಕಡೆ ವಾಲುತ್ತದೆ. ಲೇಡಿಬಗ್ ಎಂಬ ಕೆಂಪು ಚುಕ್ಕೆ ಹುಳ ಮೈಗೆ ತಾಗಿದರೆ ಅದೃಷ್ಟ, ಕೊಂದರೆ ದುರದೃಷ್ಟ. ಆಯಾ ಜಾಗಕ್ಕೆ ತಕ್ಕ ಪಂಜು ನೆಟ್ಟರೆ ಅದೃಷ್ಟ: ಹಿಮದಲ್ಲಿ ಹಿಮದ್ದು, ಮರಳಲ್ಲಿ ಮರಳಿನದ್ದು. ಗಡ್ಡ ಬಿಟ್ಟ ಗ್ನೋಮ್ ಎಂಬ ಕುಳ್ಳ ಶತ್ರುವನ್ನು ಉಪಾಯದಿಂದ ಬಿಸಿಲಿಗೆ ಎಳೆದು ತಂದರೆ ಅವನು ಕಲ್ಲಾಗುತ್ತಾನೆ. ಆ ಕಲ್ಲುಬೊಂಬೆಯನ್ನು ಹತ್ತಿರದಲ್ಲಿ ಸ್ಥಾಪಿಸಿದರೆ ಅದೃಷ್ಟವೋ ಅದೃಷ್ಟ. ಅದೃಷ್ಟದ ಔಷಧಿಯೂ ಇದೆ, ಕುಡಿಯಬಹುದು.

ನೋಡಿ, ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅಜ್ಜಿ ‘ಕೃಷ್ಣ ಕೃಷ್ಣ’ ಅಂದದ್ದಕ್ಕೆ ನಕ್ಕವನು, ರಾಹುಕಾಲ ಅಂದರೆ ಟ್ರಾಫಿಕ್ ಇಲ್ಲದ ಹೊತ್ತು ಅಂತ ಬೀಗಿದವನು, ಗೃಹಪ್ರವೇಶದ ದಿನ ವಾಸ್ತು ಮಾತಾಡಿದ ಮಾವನ ಮೇಲೆ ಸಿಡುಕಿದವನು, ಈಗ ಬಲೆ ಹಿಡಿದು ಹುಳ ಹಿಡಿಯುತ್ತಿದ್ದಾನೆ. ಯಾವ ದಿಕ್ಕಿಗೆ ಯಾವ ದೀಪ ಅಂತ ನೋಡುತ್ತಿದ್ದಾನೆ. ಗ್ನೋಮ್ ಪ್ರತಿಷ್ಠಾಪನೆ ಮಾಡಿ, ಔಷಧಿ ಸೇವಿಸಿ, ಅಟ್ಟಣೆ ಹತ್ತಿ ನಿಲ್ಲುತ್ತಿದ್ದಾನೆ. ಕೇಳಿದರೆ, ‘ಇದು ಮೂಢನಂಬಿಕೆಯಲ್ಲ, ಕೋಡ್‌ನಲ್ಲೇ ಇದೆ’ ಅನ್ನುತ್ತಾನೆ. ಅಜ್ಜಿ ಇದ್ದಿದ್ದರೆ ಪಂಚಾಂಗ ತೆಗೆದು, ‘ಇದರಲ್ಲೂ ಇದೆ ಕಣೋ’ ಅನ್ನುತ್ತಿದ್ದಳು.

ಅದೇ ಅಪ್‌ಡೇಟಿನಲ್ಲಿ ಬಂದ ಇನ್ನೊಂದು ವಸ್ತು ಬೆಸ್ಟಿಯರಿ. ಯಾವ ಯಾವ ಜೀವವನ್ನು ಕಂಡಿರಿ, ಕೊಂದಿರಿ ಎಂಬುದರ ದಾಖಲೆ ಪುಸ್ತಕ. 500ಕ್ಕೂ ಹೆಚ್ಚು ನಮೂದು. ನೂರಕ್ಕೆ ಹತ್ತು ತುಂಬಿದರೆ ಪ್ರಾಣಿತಜ್ಞೆಯೊಬ್ಬಳು ಊರಿಗೆ ಬಂದು ನೆಲೆಸುತ್ತಾಳೆ. ಪೂರ್ತಿ ತುಂಬಿಸಿದವರಿಗೆ, ಎಲ್ಲಿ ಬೇಕಾದರೂ ನೆಟ್ಟು ಅಲ್ಲಿಂದ ಹಾರಬಲ್ಲ ಮಾಯಾಕಂಬ ಮಾರುತ್ತಾಳೆ. ಒಂದೊಂದೇ ಖಾಲಿ ಚೌಕ ತುಂಬುತ್ತಾ ನಮ್ಮ ಬೇಟೆಗಾರ ಮುಂದುವರಿಯುತ್ತಾನೆ. ಟಿಮ್ ಆಯಿತು. ಡಾಕ್ಟರ್ ಆಯಿತು. ಮದುಮಗ, ಮದುಮಗಳು, ನಿಂಫ್, ಪಿಂಕಿ, ನಾನೂರಕ್ಕೊಂದು ಸಲ ಕಾಣುವ ಚಿನ್ನದ ಮೊಲ, ಎಲ್ಲ ಆಯಿತು. ಒಂದೇ ಒಂದು ಚೌಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಉಳಿದಿದೆ. ಮೋಂಬತ್ತಿ ಹಚ್ಚಿದ, ಕಷಾಯ ಕುಡಿದ, ಗ್ನೋಮ್ ಜಾಗ ಬದಲಿಸಿದ. ಪಾತಾಳದ ಬೆಂಕಿಯವರೆಗೂ ಇಳಿದು ಬಂದ. ಬರಲಿಲ್ಲ ಪ್ರಾಣಿ.

ಬೆಸ್ಟಿಯರಿಯಲ್ಲಿ ಊರಿನ ನಿವಾಸಿಗಳದ್ದೂ ನಮೂದಿರುತ್ತದೆ, ಅವರನ್ನು ಕೊಲ್ಲಬೇಕಿಲ್ಲ, ಒಮ್ಮೆ ಮಾತಾಡಿಸಿದರೆ ಸಾಕು. ಇವನೇ ಕಟ್ಟಿಕೊಟ್ಟ ಮನೆಯಲ್ಲಿ, ಇವನ ಮಂಚದ ಪಕ್ಕದ ಗೋಡೆಯಾಚೆ, ಬಣ್ಣ ಮಾರುವ ಪೇಂಟರ್ ಒಬ್ಬ ಬಹಳ ಕಾಲದಿಂದ ವಾಸವಾಗಿದ್ದ.