ಅಡೂರಿನಲ್ಲಿ ಆರಾಮ

ಕಾಸರಗೋಡು ಕರಾವಳಿ ಜಿಲ್ಲೆ ಎಂದು ನಂಬಿ ನಮ್ಮ ಬೆಂಗಳೂರು ಭಾವ ಅಡೂರಿಗೆ ಈಜುಚಡ್ಡಿ ಕಟ್ಟಿಕೊಂಡು ಬಂದಿದ್ದರು. ಬಸ್ಸಿಳಿದರೆ ಎಲ್ಲಿ ನೋಡಿದರೂ ಅಡಿಕೆ ತೋಟ, ಗುಡ್ಡ. ಸಮುದ್ರ ಬೇಕಾದರೆ ಮುಳ್ಳೇರಿಯ, ಚೆರ್ಕಳ ದಾಟಿ ವಾಪಸು ಕಾಸರಗೋಡಿಗೇ ಹೋಗಬೇಕು. ಇಲ್ಲಿರುವುದು ಪಯಸ್ವಿನಿ ಹೊಳೆ. ಮುಂದೆ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. "ನಮ್ಮ ಬದಲಿಗೆ ಅದು ದಿನಾ ಹೋಗ್ತದಲ್ಲ, ಮತ್ತೆ ನಿಮಗೆಂತಕ್ಕೆ?" ಎಂದರು ಅತ್ತೆ.

ಜಗಲಿಯಲ್ಲಿ ಕೂತ ಕೂಡಲೇ ಬೆಲ್ಲ, ನೀರು. "ಆಸರಿಗೆ ಎಂತ ಆಗಬಹುದು?" ಎಂಬ ಪ್ರಶ್ನೆಗೆ 'ಏನೂ ಬೇಡ' ಎಂದರೆ ಆ ಮನೆಯಲ್ಲಿ ಚಾ, ನೀರುದೋಸೆ, ಬಾಳೆಹಣ್ಣು ಎಲ್ಲವೂ ಎಂದರ್ಥ.

ಮಾವ ಹಲಸಿನ ಹಣ್ಣು ಕೊಯ್ಯಲು ಕೂತರು. ಕತ್ತಿಗೆ ತೆಂಗಿನೆಣ್ಣೆ, ಕೈಗೆ ತೆಂಗಿನೆಣ್ಣೆ, ಮೇಣ ಒರೆಸಲು ಒಂದು ಕೋಲು. ಭಾವ ಉತ್ಸಾಹದಿಂದ ಬರಿಗೈ ಹಾಕಿದರು. ಐದು ನಿಮಿಷದಲ್ಲಿ ಬೆರಳಿಗೆ ಬೆರಳು ಅಂಟಿತು. ಅದೇ ಹೊತ್ತಿಗೆ ಆಫೀಸಿನಿಂದ ಫೋನು! ಮೊಬೈಲು ಕಿವಿಗೆ ಅಂಟಿಕೊಂಡಿತು, ಮೀಟಿಂಗು ಮುಗಿದರೂ ಬಿಡಲಿಲ್ಲ.

ಊಟವಾದ ಮೇಲೆ ಮಾವನದು ಅಡಿಕೆ ಧಾರಣೆಯ ಭಾಷಣ. ಆಳಿಗೆ ತುಳು, ಫೋನಿನಲ್ಲಿ ಮಲಯಾಳ, ಅತ್ತೆಗೆ ಹವ್ಯಕ. 1956ರಲ್ಲಿ ಊರು ಕೇರಳಕ್ಕೆ ಸೇರಿದರೂ ಮುಖಕ್ಕೆ ಮುಚ್ಚಿಕೊಂಡು ಮಲಗುವ ಪೇಪರು ಮಾತ್ರ ಕನ್ನಡದ್ದೇ.

ಸಂಜೆ ಮಹಾಲಿಂಗೇಶ್ವರನಿಗೆ ಕೈಮುಗಿದು ಹೊರಟೆವು. "ಬಸ್ಸಿಗೆ ಹೊತ್ತುಂಟು" ಎಂದು ಅತ್ತೆ ಮತ್ತೆ ಕಾವಲಿ ಇಟ್ಟರು. ಬಸ್ಸು ಹಾರ್ನು ಹಾಕಿ ಹೋಯಿತು. ಎರಡನೇ ದೋಸೆ ಆಗಷ್ಟೇ ಏಳುತ್ತಿತ್ತು.